ಐದನೆಯ ಕಟ್ಟಡದ ಕಿಟಕಿಗಳು

3 ಮಾರ್ಚ್ 2025, ಸೋಮವಾರ

ನನ್ನ ಲೆಕ್ಕ ತಪ್ಪು ಎಂದು ಮೊದಲು ಹೇಳಿದವಳು ಸೀರೆ ನೇಯುವ ಫಕೀರಬಿ. ಇವತ್ತೇ, ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ. ನಾನು ಎಂದಿನಂತೆ ಮಾಡೆಲ್ ಓಡಿಸುತ್ತಿದ್ದೆ. ಬೆಟಗೇರಿ ಹೊರಗಿನ ಈ ತರಬೇತಿ ಕ್ಯಾಂಪಸ್ಸಿನ ಏಳು ಕಟ್ಟಡಗಳು ವರ್ಷಕ್ಕೆ ಎಷ್ಟು ಕರೆಂಟ್ ತಿನ್ನುತ್ತವೆ ಎಂಬ ಕಂಪ್ಯೂಟರ್ ಅಂದಾಜು. ಹಸಿರು ಕಟ್ಟಡದ ಗೋಲ್ಡ್ ಸರ್ಟಿಫಿಕೇಟಿಗೆ ಇದೇ ಆಧಾರ. ಐದನೆಯದು ಮಗ್ಗದ ಶೆಡ್. ಮಾಡೆಲ್‌ನಲ್ಲಿ ಅದರ ಬಗ್ಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ: ಕಿಟಕಿ ದಿನವಿಡೀ ತೆರೆದಿರುತ್ತವೆ, ಫ್ಯಾನ್ ಬೇಡ.

ಚಹಾ ನೆತ್ತಿಗೇರುವಷ್ಟು ನಕ್ಕಳು.

"ಯಾರವ್ವಾ ಇದನ್ನ ಬರದಾಕಿ? ಡಂಬಳ ಕಡಿಂದ ಬರೋ ಒಣಗಾಳಿಗೆ ಕಿಡಕಿ ತಗದ್ರ ಎಳಿ ಪಟಪಟ ಹರೀತಾವ. ನಾವು ಕದಾ ಹಾಕ್ಕೊಂಡು, ನೆಲಕ್ಕ ನೀರು ಹೊಡದು ನೇಯತೀವಿ."

"ಕುದಿ ಆಗಂಗಿಲ್ಲೇನು?"

"ಬೇಯತೀವಿ. ಎಳಿ ಉಳೀತೈತೆಲ್ಲ! ಏಪ್ರಿಲ್ ಮುಗಿಯೋದ್ರಾಗ ಮೂರು ಸೀರಿ ಇಳಸಬೇಕು. ಇಲ್ಲಂದ್ರ ಕ್ಯಾಂಪಸ್ಸಿನವರು ಮಗ್ಗ ಕಸ್ಕೋತಾರ."

ನಾಚಿಕೆಯಾಯಿತು. ಬರೆದವಳು ನಾನೇ. ನಾನು ಯಳವತ್ತಿಯ ಒಕ್ಕಲಿನ ಮನೆಯವಳು. ನಮ್ಮಲ್ಲಿ ಗಾಳಿ ಎಂದರೆ ರಾಶಿ ತೂರಲು ಕಾದು ಕೂರುವ ಭಾಗ್ಯ. ಮಗ್ಗದವರನ್ನು ಕೇಳಲೇ ಇಲ್ಲ.

5 ಮಾರ್ಚ್

ಕಿಟಕಿ ಮುಚ್ಚಿ ಓಡಿಸಿದೆ. ಒಳಗೆ ಮೂವತ್ತೊಂಬತ್ತು ಡಿಗ್ರಿ. ನೀರಿನ ಕೂಲರ್ ಬೇಕೇ ಬೇಕು. ಹಾಕಿದರೆ ಏಳೂ ಕಟ್ಟಡಗಳ ಸರಾಸರಿ ಗೋಲ್ಡ್‌ನಿಂದ ಜಾರುತ್ತದೆ. ಆಫೀಸ್ ಬ್ಲಾಕಿನ ಏಸಿಗಳ ಹೊಟ್ಟೆಬಾಕತನವನ್ನು ಇಷ್ಟು ದಿನ ಮುಚ್ಚಿಟ್ಟಿದ್ದೇ ಉಪವಾಸವಿದ್ದ ಮಗ್ಗದ ಶೆಡ್!

ನಮ್ಮ ಕನ್ಸಲ್ಟೆನ್ಸಿಯ ಹೊನ್ನೇಶ್ ಸರ್‌ಗೆ ಫೋನ್ ಮಾಡಿ ಫಕೀರಬಿ ಅಂದದ್ದನ್ನು ಹೇಳಿದೆ.

"ಶಿವಲಕ್ಷ್ಮೀ, ಫಕೀರಬಿ ಯಾವಾಗಿಂದ ಎಕ್ಸ್‌ಪರ್ಟ್ ಆದ್ಲು? ಹಳೇ ಫೈಲ್ ಕಳಸು. ಸರಾಸರಿ ಇರೋದು ಮತ್ತ ಯಾತಕ್ಕ?"

ಕಳಿಸಿದೆ.

21 ಮಾರ್ಚ್

ಸರ್ಟಿಫಿಕೇಟಿನವರು ತಪಾಸಣೆಗೆ ಬಂದಿದ್ದರು. ಶೆಡ್ಡಿನ ಕಿಟಕಿ ಮುಚ್ಚಿದ್ದವು. "ಮಾಡೆಲ್‌ನಲ್ಲಿ ತೆರೆದಿವೆಯಲ್ಲ?" ಎಂದರು. ಕ್ಯಾಂಪಸ್ ಮ್ಯಾನೇಜರ್ ಮಾಂತೇಶ ನನ್ನ ಮುಖ ನೋಡಿದ. ಆಗ ಹೇಳಬಹುದಿತ್ತು. ಬಾಟಲಿ ಎತ್ತಿ ನೀರು ಕುಡಿದೆ.

ಮಾಡೆಲ್ ತಿದ್ದಿಸುತ್ತಾರೆ ಅಂದುಕೊಂಡೆ... ಕಟ್ಟಡವನ್ನೇ ತಿದ್ದಿದರು. ಸಂಜೆಯೊಳಗೆ ಬಡಿಗ ಬಂದು ಹದಿನಾರು ಕಿಟಕಿಗಳ ಕದ ಕಿತ್ತು ಒಯ್ದ.

8 ಏಪ್ರಿಲ್

ಇಷ್ಟು ದಿನ ಆ ಕಡೆ ಹೋಗಲಿಲ್ಲ. ಇವತ್ತು ನೇಕಾರರ ಮಾಳವ್ವ ಕೈ ಹಿಡಿದು ಎಳೆದೊಯ್ದಳು. ಕಿಟಕಿಗೆ ಗೋಣಿಚೀಲ ಕಟ್ಟಿದ್ದರಂತೆ, ಮಾಂತೇಶ ಬಿಚ್ಚಿಸಿದನಂತೆ. ಫಕೀರಬಿ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು. ಮೊದಲ ಸೀರೆಯೇ ಅರ್ಧಕ್ಕೆ ನಿಂತಿದೆ.

"ಕದಾ ಕೀಳಾಕ ಯಾರು ಹೇಳಿದ್ರವ್ವಾ? ಅವರ ಕೈ ಸೇದಿಹೋಗಲಿ!" ಮಾಳವ್ವ ಅಂದಳು.

ಎಲ್ಲರನ್ನೂ ಕೂಡಿಸಿ ಮೊದಲಿನಿಂದ ಹೇಳಿದೆ. ಅಂದಾಜು, ಸರಾಸರಿ, ನಾನು ಕಳಿಸಿದ ಹಳೇ ಫೈಲ್. ಮಾಳವ್ವ ಹಿಡಿದಿದ್ದ ನನ್ನ ಕೈ ಬಿಟ್ಟಳು. ಯಾರೂ ಬೈಯಲಿಲ್ಲ.

"ನಿನಗ ಗೊತ್ತಿತ್ತು," ಅಂದಳು ಫಕೀರಬಿ. "ನಾನ ಹೇಳಿದ್ನೆಲ್ಲ, ಚಹಾ ಕುಡಕೋತ."

ಬೈದಿದ್ದರೆ ಚೆನ್ನಾಗಿತ್ತು.

9 ಏಪ್ರಿಲ್, ಮುಂಜಾನೆ 9.40

ಎಲ್ಲರೂ ಬಂದರು. ಮಗ್ಗಕ್ಕೆ ಕೂರಲಿಲ್ಲ. ತಂತಮ್ಮ ಲಾಳಿ ಸೆರಗಿನಲ್ಲಿ ಕಟ್ಟಿಕೊಂಡು ಬೆಟಗೇರಿ ದಾರಿ ಹಿಡಿದರು. ಫಕೀರಬಿ ಎಲ್ಲರಿಗಿಂತ ಹಿಂದೆ. ಗೇಟಿನ ಪಕ್ಕದ ನನ್ನ ಟೇಬಲ್ ಮುಂದೆಯೇ ಹಾದಳು — ನಿಲ್ಲಲಿಲ್ಲ.

ಹೊನ್ನೇಶ್ ಸರ್ ಮೆಸೇಜ್: "ಶೆಡ್ ಖಾಲಿ ಆತಂತಲ್ಲ, ಛಲೋ ಆತು. ಲೈಟೂ ಉರಿಯಂಗಿಲ್ಲ. ಜಲ್ದಿ ಅಪ್‌ಡೇಟ್ ಮಾಡು, ಗೋಲ್ಡ್ ಯಾತಕ್ಕ, ಅದರ ಮ್ಯಾಲಿನ ಪ್ಲಾಟಿನಂ ಸಿಕ್ಕರೂ ಸಿಕ್ಕೀತು."

ಫೈಲ್ ತೆರೆದೆ. ಐದನೆಯ ಕಟ್ಟಡ, ಒಳಗಿರುವ ಜನ: 22. ಅಳಿಸಿ ಸೊನ್ನೆ ಹಾಕಿದೆ. ಓಡಿಸಿದೆ. ಪ್ಲಾಟಿನಂ.

ಕೊಟ್ಟ ಮಾಹಿತಿ ಸತ್ಯ ಎಂದು ಕೆಳಗೆ ನನ್ನ ಹೆಸರು ಬೇಕಂತೆ. ಸತ್ಯವೇ ತಾನೆ. ಈಗ ಅಲ್ಲಿ ಯಾರೂ...