ಹಂಪವ್ವನ ಕರುಳು ಮಾತಾಡದ ದಿನಗಳು

ನೆಲದಡಿ ರಾಯಚೂರು,
ಕ್ರಿ.ಶ. ೨೩೧೭, ಹದಿಮೂರನೆಯ ತಿಂಗಳ ಆರನೆಯ ದಿನ

ಮುನ್ನೂರು ವರ್ಷ ಹಿಂದಿನ ನಮ್ಮವರಿಗೆ ಶರಭಮ್ಮ ಮಾಡುವ ಶರಣು.

ತಾರೀಕು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಊರನ್ನು ನೆಲದ ಕೆಳಗೆ ಇಳಿಸಿದರು, ಬೇಸಿಗೆಗೆ ಅಂತಲೇ ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದಾವು, ಮನ್ನಿಸಿ. ನಾನು ಕರುಳಾಲಿ. ಅಂದರೆ ಹೊಟ್ಟೆ ಕೊಯ್ಯಿಸಿಕೊಂಡವರ ಪಕ್ಕದಲ್ಲಿ ಕೂತು, ಕರುಳು ಮತ್ತೆ ಯಾವಾಗ ಸದ್ದು ಮಾಡುತ್ತದೆ ಅಂತ ಆಲಿಸುವವಳು. ನಲವತ್ತು ವರ್ಷದಿಂದ ಇದೇ ಕೆಲಸ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಟ್ಟೆ ಕೊಯ್ದ ದಿನದಿಂದ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಎಲ್ಲರೂ ಮೊದಲೇ ಒಣಗಿಸಿಟ್ಟ ಕಟಕು ರೊಟ್ಟಿ ತಿಂದು ಕಾಯುತ್ತಾರೆ. ಕರುಳು ಮೊದಲ ಸಲ ಗುಡುಗುಡು ಅಂದಾಗ ಕರುಳಾಲಿ ಹೊರಗೆ ಬಂದು ಹೇಳಬೇಕು, ಆಮೇಲೆ ಒಲೆ ಹತ್ತಬೇಕು, ಜೋಳದ ಅಂಬಲಿ ಕಾಯಿಸಿ ಓಣಿಗೆಲ್ಲ ಹಂಚಬೇಕು. ಅದಕ್ಕೆ ಸದ್ದಿನ ಅಂಬಲಿ ಅನ್ನುತ್ತೇವೆ. ನಾನು ಕೂತ ಮನೆಯಲ್ಲಿ ಸದ್ದು ಮೂರನೆಯ ದಿನ ದಾಟಿದ್ದೇ ಇಲ್ಲ ಅಂತ ಜನ ಹೇಳುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಹಿಂದೆ ನನ್ನ ತಂಗಿ ಹಂಪವ್ವನಿಗೆ ಕರುಳು ಗಂಟು ಬಿದ್ದು ಹೊಟ್ಟೆ ಕೊಯ್ಯಬೇಕಾಯಿತು. ನಾನೇ ಕೂತೆ. ಮೂರನೆಯ ದಿನ ಸದ್ದಿಲ್ಲ. ನಾಲ್ಕನೆಯ ದಿನವೂ ಇಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿಗೆ ಬಿದ್ದಂತಾಯಿತು ನನ್ನ ಪಾಡು. ಅವಳ ಗಂಡ ಈರಣ್ಣ ಒಣರೊಟ್ಟಿ ಮುರಿಯುತ್ತ, ಒಲೆ ಯಾವಾಗ ಅಕ್ಕಾ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ ಸುಮ್ಮನೆ ಹೋಗುತ್ತಿದ್ದರು. ಅದು ನನಗೆ ಬೈದದ್ದಕ್ಕಿಂತ ಹೆಚ್ಚಾಗಿತ್ತು.

ಕರುಳಿನ ಗೋಡೆಯ ಸ್ನಾಯುವಿನಲ್ಲಿ, ನರಗಳ ಮಗ್ಗುಲಲ್ಲೇ, ಮೈ ಕಾಯುವ ಕೋಶಗಳು ಬಿಡಾರ ಹೂಡಿರುವುದು ನಿಮ್ಮ ಕಾಲದವರಿಗೂ ಗೊತ್ತು. ನಾವು ಅವನ್ನು ಓಣಿಯವರು ಅನ್ನುತ್ತೇವೆ. ಸುಖದ ದಿನಗಳಲ್ಲಿ ಅವು ನರಗಳ ಜೊತೆ ಹೊಂದಿಕೊಂಡು ಕರುಳಿನ ಅಲೆ ತಪ್ಪದಂತೆ ನೋಡಿಕೊಳ್ಳುತ್ತವೆ. ವೈದ್ಯರ ಕೈ ಕರುಳಿಗೆ ತಾಗಿದರೆ ಸಾಕು, ಸಿಟ್ಟಿಗೇಳುತ್ತವೆ. ಅವು ಕಾರುವ ರಸಕ್ಕೆ ಸ್ನಾಯು ಸೋಲುತ್ತದೆ, ಬಾವು ಬರುತ್ತದೆ, ಕರುಳು ಮುಷ್ಕರ ಹೂಡಿ ಕೂತುಬಿಡುತ್ತದೆ. ಆಗ ರಕ್ತದಿಂದ ಇನ್ನಷ್ಟು ಕೋಶಗಳು ಗುಂಪುಗುಂಪಾಗಿ ಬರುತ್ತವೆ. ಅವನ್ನು ಬಂದವರು ಅನ್ನುತ್ತೇವೆ. ಈ ಬಂದವರನ್ನು ಒಳಗೆ ಬಿಡದ ಒಂದು ಮದ್ದು ನಮ್ಮಲ್ಲಿದೆ, ಬಾಗಿಲುಕಟ್ಟು ಅಂತ ಹೆಸರು. ಜಗಳದ ಮನೆಗೆ ಜನ ಸೇರದಿದ್ದರೆ ಜಗಳ ಬೇಗ ಮುಗಿದೀತು ಅಂತ ನನ್ನ ಲೆಕ್ಕಾಚಾರ.

ಜೊತೆಯಲ್ಲಿದ್ದ ವೈದ್ಯೆ ರುಖಿಯಾ ಬೇಡ ಅಂದಳು. ಬಂದವರು ಮೊದಲು ಗದ್ದಲ ಮಾಡಿದರೂ ಎರಡು ದಿನದಲ್ಲಿ ಗುಣ ಬದಲಿಸುತ್ತಾರೆ, ಕಸ ಬಳಿಯುವವರೂ ನರ ಉಳಿಸುವವರೂ ಅವರೇ, ಇನ್ನೊಂದೆರಡು ದಿನ ತಾಳು ಅಂತ ತಿಳಿಸಿ ಹೇಳಿದಳು. ನೆನ್ನೆ ಮೊನ್ನೆ ಬಂದ ಹುಡುಗಿ ನನಗೆ ಪಾಠ ಹೇಳುವುದೇ ಅಂತ, ಅವಳು ಊಟಕ್ಕೆ ಹೋದಾಗ ನಾನು ಮದ್ದು ಹಾಕಿಬಿಟ್ಟೆ.

ಐದನೆಯ ದಿನ ಸದ್ದಿಲ್ಲ. ಹತ್ತನೆಯ ದಿನವೂ ಇಲ್ಲ. ರಿಪೇರಿಗೆ ಬರುವವರನ್ನೇ ನಾನು ಬಾಗಿಲಲ್ಲಿ ತಡೆದಿದ್ದೆ. ಬಾವು ಆರಲಿಲ್ಲ, ನರಗಳು ಒಂದೊಂದಾಗಿ ಸತ್ತವು. ಈಗ ಹಂಪವ್ವನ ಕರುಳು ಅಲ್ಲೊಂದು ಇಲ್ಲೊಂದು ಕಡೆ ಮಿಡುಕುತ್ತದೆ, ಅಲೆ ಕೂಡಿಬರುವುದಿಲ್ಲ. ಮೂರು ವರ್ಷದಿಂದ ಅವಳ ಅನ್ನ ತೋಳಿನ ನಳಿಗೆಯಲ್ಲಿ ಇಳಿಯುತ್ತಿದೆ. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ.

ಮದ್ದು ಹಾಕಿದ್ದು ನಾನೆಂದು ರುಖಿಯಾ ಊಹಿಸಿದ್ದಳು, ನೀನೇ ಹೇಳು ಅಂತ ನನ್ನ ಪಾಲಿಗೆ ಬಿಟ್ಟಿದ್ದಳು. ನಾನು ಹೇಳಿರಲಿಲ್ಲ. ನೆನ್ನೆ ಬೆಳಿಗ್ಗೆ ತಂಗಿಗೆ ತಲೆ ಬಾಚುತ್ತ ಎಲ್ಲ ಹೇಳಿಬಿಟ್ಟೆ. ಶಾಪ ಹಾಕುತ್ತಾಳೆ, ಬಾಚಣಿಗೆ ಕಿತ್ತೆಸೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಜಡೆ ಪೂರ್ತಿ ಹೆಣೆಯಲು ಬಿಟ್ಟಳು. ಆಮೇಲೆ ಕೇಳಿದಳು, ಮದ್ದು ಹಾಕಿದ ಆ ನಾಲ್ಕನೆಯ ದಿನ ತನಗೆ ಎಚ್ಚರ ಇತ್ತೋ ಇಲ್ಲವೋ ಅಂತ. ಇತ್ತು ಅಂದೆ. ಅವತ್ತು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿಕೊಂಡೇ ಇದ್ದಳು.

ನಿಮಗೆ ಬರೆಯುವುದಕ್ಕೆ ಕಾರಣ ಇಷ್ಟೇ. ಈ ಕೋಶಗಳ ಗುಣವನ್ನು ನಾವು ಓದಿದ್ದು ನಿಮ್ಮ ಪುಸ್ತಕಗಳಿಂದ. ಅವು ಕೆಡಿಸುವುದನ್ನು ಬರೆದಷ್ಟೇ ದಪ್ಪ ಅಕ್ಷರದಲ್ಲಿ, ಯಾವ ದಿನದಿಂದ ಕಟ್ಟುತ್ತವೆ ಅನ್ನುವುದನ್ನೂ ಬರೆಯಿರಿ. ಕರುಳು ಮಾತಾಡದವರ ಪಕ್ಕ ಕೂತಾಗ, ಮದ್ದಿಗೆ ಕೈ ಹಾಕುವ ಮೊದಲು ಮಲಗಿದವರನ್ನು ಒಂದು ಮಾತು ಕೇಳಿ. ನಾನು ಕೇಳಲಿಲ್ಲ. ನೆನ್ನೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಸಿಟ್ಟಿಲ್ಲದ ದನಿಯಲ್ಲಿ ಹಂಪವ್ವ ಹೇಳಿದ್ದು ಇದೊಂದೇ:

"ನನಗೇನೂ ಅವಸರ ಇದ್ದಿದ್ದಿಲ್ಲ ಅಕ್ಕಾ."