ಪುಟದಲ್ಲಿ ಕಾಣದ ಪದ

ಪುಟ್ಟೀ,

ಹಾಲು ಕಾಯಿಸಿಟ್ಟಿದ್ದೇನೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡು. ಅಡುಗೆಮನೆ ಕಿಟಕಿ ಹಾಕು, ಬೆಕ್ಕು ಹೊಂಚು ಹಾಕುತ್ತಿದೆ.

ನನ್ನ ಕತ್ತಿನ ಗಂಟಿನ ಬಗ್ಗೆ ಮನೆಯಲ್ಲಿ ದಿನಾ ಓದುವ ಇಂಟರ್ನೆಟ್ ಪುಟವನ್ನೇ ನಿನ್ನೆ ಆಫೀಸಿನ ಕಂಪ್ಯೂಟರಿನಲ್ಲಿ ತೆರೆದೆ. ಸಾಲುಸಾಲಿಗೂ ಕ್ಯಾನ್ಸರ್ ಎಂದಿತ್ತು! ಮನೆಯಲ್ಲಿ ಆ ಪದ ಒಮ್ಮೆಯೂ ಕಂಡಿರಲಿಲ್ಲ.

"ಅಕ್ಕಾ, ಬ್ರೌಸರಿಗೆ ಎರಡು ಎಕ್ಸ್‌ಟೆನ್ಶನ್ ಹಾಕಿದೀನಿ. ಒಂದು ಜಾಹೀರಾತು ತಡೆಯುತ್ತೆ, ಇನ್ನೊಂದು ಅಕ್ಷರ ದೊಡ್ಡದು ಮಾಡುತ್ತೆ. ಕಣ್ಣಿಗೆ ಹಾಯಾಗಿರುತ್ತೆ ನೋಡು," ಎಂದಿದ್ದೆ ನೀನು. ಬೇಡದ ಪದವನ್ನು ಮರೆಮಾಡುವ ಮೂರನೆಯದೊಂದಿದೆ ಎಂದು ಹೇಳಲೇ ಇಲ್ಲ. ಇವತ್ತು ಬೆಳಿಗ್ಗೆ ಮನೆಯ ಬ್ರೌಸರಿನಲ್ಲಿ ಹುಡುಕಿದಾಗ ಅದು ಕಣ್ಣಿಗೆ ಬಿತ್ತು.

ನಾನು ಹೆದರುಪುಕ್ಕಲಿ, ಒಪ್ಪಿದೆ. ಅದಕ್ಕೆ ಕಣ್ಣಿಗೆ ಬಟ್ಟೆ ಕಟ್ಟುವುದೇ? ಮೊನ್ನೆ ಡಾಕ್ಟರು "ಏನಾದ್ರೂ ಕೇಳೋದಿದೆಯಾ?" ಎಂದಾಗ, "ಎಲ್ಲಾ ಓದಿದೀನಿ" ಎಂದುಬಿಟ್ಟೆನಲ್ಲೇ!

ಮೊದಲೆರಡು ಇರಲಿ, ನಿಜಕ್ಕೂ ಹಾಯಾಗಿವೆ. ಮೂರನೆಯದನ್ನು ಹಾಕಿದವಳೇ ತೆಗೆ.

ಸಂಜೆ ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಬಾ. ಗಂಟಿನ ಪರೀಕ್ಷೆಯ ರಿಪೋರ್ಟಿನ ಲಕೋಟೆ ಒಡೆಯದೆ ಬಾಗಿಲಲ್ಲೇ ಕಾಯುತ್ತಿರುತ್ತೇನೆ. ನೀನೇ ಗಟ್ಟಿಯಾಗಿ ಓದಬೇಕು. ಒಂದು ಪದವನ್ನೂ ನುಂಗಬೇಡ.

ಅಕ್ಕ