ಹೊಲಿಗೆಗೆ ಬಿಟ್ಟ ಎಂಬತ್ತು

ರೀ,

ಶುಗರ್ ಮೀಟರನ್ನೂ ನೀವು ದಿನಾ ಶುಗರ್ ಬರೆದಿಡೋ ಪುಸ್ತಕವನ್ನೂ ಡಾಕ್ಟರಿಗೆ ತೋರಿಸೋಕೆ ಹೋಗ್ತಿದ್ದೀನಿ. ನಿಮ್ಮನ್ನ ಕರ್ಕೊಂಡು ಹೋದ್ರೆ ಮತ್ತೊಂದು ಕಥೆ ಕಟ್ತೀರಿ.

ಮೀಟರು ಹಳೇದೆಲ್ಲ ನೆನಪಿಟ್ಟುಕೊಂಡಿರುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ವಾ? ಅದರಲ್ಲಿ ನೂರ ತೊಂಬತ್ತು, ನಿಮ್ಮ ಪುಸ್ತಕದಲ್ಲಿ ನೂರ ಹತ್ತು. ದಿನಾ ಲೆಕ್ಕ ಹಾಕಿದ ಹಾಗೆ ಎಂಬತ್ತು ಕಮ್ಮಿ. ಕೇಳಿದ್ರೆ "ಹೊಲಿಗೆಗೆ ಅಂತ ಸ್ವಲ್ಪ ಬಿಟ್ಟೆ ಕಣೇ" ಅಂತ ಹಲ್ಲು ಕಿರೀತೀರಿ! ಊರವರ ಅಳತೇಲಿ ಕಾಲಿಂಚೂ ತಪ್ಪದ ಟೈಲರು ನೀವು. ಆ ಪುಸ್ತಕ ನಂಬಿ ತಾನೇ ಡಾಕ್ಟರು ಮಾತ್ರೆ ಅರ್ಧಕ್ಕೆ ಇಳಿಸಿದ್ದು? ನನ್ನ ಹತ್ರ ಸುಳ್ಳು ಹೇಳಿ, ಅಭ್ಯಾಸ ಆಗಿದೆ. ಅವರ ಹತ್ರ ಯಾಕೆ?

ಊಟ ಮುಚ್ಚಿಟ್ಟಿದ್ದೀನಿ. ಮೊದಲು ತರಕಾರಿ ತಿನ್ನಿ, ಅನ್ನ ಒಂದೇ ಸೌಟು. ಬಿಸ್ಕತ್ತಿನ ಡಬ್ಬಿ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ನಾನು ಬರೋವರೆಗೂ ಮಾತ್ರೆ ನೀವಾಗಿ ಹೆಚ್ಚುಕಮ್ಮಿ ಮಾಡಬೇಡಿ. ಪಕ್ಕದ ಮನೆಯವರು ಕೋಟು ಕೇಳಿದ್ರೆ ನಾಳೆ ಅನ್ನಿ.

ಬರಿಗಾಲಲ್ಲಿ ಮೆಷಿನ್ ತುಳೀಬೇಡಿ, ಚಪ್ಪಲಿ ಅಲ್ಲೇ ಇಟ್ಟಿದ್ದೀನಿ.

ಈ ಚೀಟಿಗೆ ಚುಚ್ಚಿರೋ ಗುಂಡುಸೂಜಿ ಬೆಳಗ್ಗೆ ನಿಮ್ಮ ಅಂಗಾಲಿಂದ ಕಿತ್ತಿದ್ದು. ನೀವು ಪೇಪರಿಂದ ತಲೆ ಕೂಡ ಎತ್ತಲಿಲ್ಲ.